ಬಾಡಿಗೆಯ ದೋಣಿಯೂ ಕರಾವಳಿಯ ಚರಿತ್ರೆಯೂ

ರಜೆಯ ದಿನಗಳಲ್ಲಿ ಚರಿತ್ರಪ್ರಸಿದ್ಧವಾದ ಸ್ಥಳಗಳನ್ನು ನೋಡಿಬರುವ ಅಭ್ಯಾಸ ನಮ್ಮ ವಿದ್ಯಾವಂತರಲ್ಲಿ ಚೆನ್ನಾಗಿ ಬೇರೂರಿದೆ. ಹಂಪೆ, ಬೇಲೂರು, ಶ್ರೀರಂಗಪಟ್ಟಣ, ಇಕ್ಕೇರಿಗಳನ್ನು ನೋಡದವರು ನಮ್ಮ ಪಟ್ಟಣಗಳಲ್ಲಿ ವಿರಳ. ಆದರೆ ಘಟ್ಟದ ಕೆಳಗಿಳಿದು ಕರಾವಳಿಗೆ ಹೋದಾಗಲೂ ನಾವು ನೆಲದವರಾಗಿಯೇ ಹೋಗುತ್ತೇವೆ. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿರುವ ಕೊಂಕಣ ರೈಲ್ವೆಯ ಸೇತುವೆ ಎರಡು ಕಿಲೋಮೀಟರಿಗಿಂತಲೂ ಉದ್ದವಾದುದು. ಅದರ ಮೇಲೆ ಹೋಗುವ ಪ್ರಯಾಣಿಕನಿಗೆ ನದಿಯೆಂದರೆ ದಾಟಬೇಕಾದ ಒಂದು ಅಡ್ಡಿ. ಆ ಊರನ್ನು ಕಟ್ಟಿ ಬೆಳೆಸಿದವರಿಗಾದರೋ ನದಿಯೇ ಹೆದ್ದಾರಿಯಾಗಿತ್ತು. ಆದುದರಿಂದ ಈ ತೀರದ ಚರಿತ್ರೆಯನ್ನು ತಿಳಿಯಬಯಸುವವರು ಒಂದೆರಡು ದಿನದ ಮಟ್ಟಿಗಾದರೂ ದೋಣಿಯೊಂದನ್ನು ಬಾಡಿಗೆಗೆ ಹಿಡಿಯಬೇಕೆಂದು ನಾನು ಸೂಚಿಸುತ್ತೇನೆ.

ದೋಣಿಯನ್ನೇರಿದವನಿಗೆ ಮೊದಲು ತಿಳಿದುಬರುವುದು ಕಾಲದ ವಿಷಯ. ಮುಂಗಾರಿನ ತಿಂಗಳುಗಳಲ್ಲಿ ಈ ಕಡಲು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಶ್ರಾವಣದ ಹುಣ್ಣಿಮೆಯಲ್ಲಿ ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿ ನೀರಿಗಿಳಿಯುವ ಸಂಪ್ರದಾಯದ ಹಿಂದೆ ಈ ಅನುಭವವೇ ಇದೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿಗೂ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೂ ಗಾಳಿ ಬೀಸುತ್ತದೆ. ಹಾಯಿಯ ದೋಣಿಗಳು ಹೊರಟದ್ದೂ ಮರಳಿದ್ದೂ ಈ ಗಾಳಿಗಳ ನೆರವಿನಿಂದ. ಎರಡನೆಯದಾಗಿ ತಿಳಿಯುವುದು ಅಳಿವೆಯ ವಿಷಯ. ನದಿ ಸಮುದ್ರವನ್ನು ಸೇರುವಲ್ಲಿ ನೀರಿನಡಿಯಲ್ಲಿ ಮರಳಿನ ದಿಬ್ಬವೊಂದು ಬೆಳೆಯುತ್ತದೆ. ಅದರ ನಡುವಣ ಕಾಲುವೆ ಅಲ್ಲಲ್ಲಿ ಸರಿಯುತ್ತಿರುತ್ತದೆ. ಉಬ್ಬರವನ್ನು ಕಾದು, ದಾರಿ ಬಲ್ಲ ಅಂಬಿಗನನ್ನು ನಂಬಿ ಒಳಹೊಕ್ಕ ಸಣ್ಣ ನಾವೆಗೆ ಒಳಗೆ ಕೆರೆಯಂಥ ಆಶ್ರಯವುಂಟು. ದೊಡ್ಡ ಹಡಗಾದರೋ ಹೊರಗೇ ಲಂಗರು ಹಾಕಬೇಕು. ಈ ತೀರದ ರೇವುಗಳ ಭಾಗ್ಯವೂ ದೌರ್ಭಾಗ್ಯವೂ ಬಹುಮಟ್ಟಿಗೆ ಈ ಒಂದು ಸಂಗತಿಯಲ್ಲಿ ಅಡಗಿವೆ.

ಭಾಗ್ಯದ ದಿನಗಳನ್ನು ಮೊದಲು ನೋಡೋಣ. ೧೩೪೦ರ ದಶಕದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಪಾಠಶಾಲೆಗಳಿದ್ದುವೆಂದು ಬರೆದಿದ್ದಾನೆ. ಒಂದು ರೇವುಪಟ್ಟಣವು ಹೊರಲೋಕದ ಸಂಪರ್ಕದಿಂದ ಎಷ್ಟು ಮುಂದುವರಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮುಂದಿನ ಶತಮಾನದಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್, ಇಮ್ಮಡಿ ದೇವರಾಯನ ಆಸ್ಥಾನದಿಂದ ಹಿಂದಿರುಗುವಾಗ ಹಡಗು ಹತ್ತಿದ್ದು ಇಲ್ಲಿಯೇ. ದಕ್ಷಿಣಕ್ಕಿರುವ ಭಟ್ಕಳದಲ್ಲಿ ಅರಬೀ ದೇಶದ ಕುದುರೆಗಳು ಇಳಿಯುತ್ತಿದ್ದುವು. ಹಂಪೆಯ ಗಜಶಾಲೆಯನ್ನು ನೋಡಿ ಬೆರಗಾಗುವ ನಾವು, ವಿಜಯನಗರದ ಅಶ್ವಸೈನ್ಯ ಕಡಲು ದಾಟಿ ಬಂದುದೆಂಬುದನ್ನು ಮರೆಯುತ್ತೇವೆ.

ಈ ಮರ್ಮವನ್ನು ಪೋರ್ಚುಗೀಸರು ಬೇಗನೆ ಅರಿತರು. ನಾಡನ್ನೆಲ್ಲ ಗೆಲ್ಲುವ ಹವಣಿಕೆ ಅವರಿಗಿರಲಿಲ್ಲ. ನದಿಯ ಬಾಯಿಯನ್ನು ಹಿಡಿದರೆ ಸಾಕಾಗಿತ್ತು. ೧೫೦೨ರಲ್ಲಿ ವಾಸ್ಕೋ ಡ ಗಾಮನ ಎರಡನೆಯ ಯಾತ್ರೆಯ ಹಡಗುಗಳು ಭಟ್ಕಳವನ್ನು ಬೆದರಿಸಿ ಅಕ್ಕಿಯ ಕಾಣಿಕೆಯನ್ನು ಗೊತ್ತುಮಾಡಿದುವು. ೧೫೬೯ರ ಹೊತ್ತಿಗೆ ಹೊನ್ನಾವರವೂ ಬಸರೂರೂ ಅವರ ಕೈಸೇರಿದುವು. ಅವನ್ನು ೧೬೫೦ರ ದಶಕದಲ್ಲಿ ಮತ್ತೆ ಬಿಡಿಸಿಕೊಂಡವನು ಕೆಳದಿಯ ಶಿವಪ್ಪನಾಯಕ. ಹೊನ್ನಾವರದೆದುರಿನ ಸಮುದ್ರದಲ್ಲಿ ಕಾಣುವ ಬಸವರಾಜದುರ್ಗವೆಂಬ ದ್ವೀಪದ ಕೋಟೆಯೂ ಕೆಳದಿಯವರದೇ. ತಮ್ಮ ರಾಜ್ಯದ ಬಾಗಿಲು ಎಲ್ಲಿದೆಯೆಂಬುದು ಮಲೆನಾಡಿನ ಈ ಅರಸರಿಗೆ ಚೆನ್ನಾಗಿ ತಿಳಿದಿತ್ತು.

ಇನ್ನು ದೋಣಿಯನ್ನು ನದಿಯ ಮೇಲ್ಮುಖಕ್ಕೆ ತಿರುಗಿಸೋಣ. ಹೊನ್ನಾವರದಿಂದ ಗೇರುಸೊಪ್ಪೆಗೆ ಸುಮಾರು ೧೮ ಮೈಲಿ. ೧೬೨೩ರಲ್ಲಿ, ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಲ್ಲಿ ದೋಣಿಯ ಪ್ರಯಾಣ ಮಾಡಿದನು. ತುರ್ಕಿ, ಈಜಿಪ್ಟ್, ಪಾರಸಿಕ ದೇಶಗಳನ್ನೆಲ್ಲ ಕಂಡು ಬಂದಿದ್ದ ಆತ ಈ ನದಿಯ ಚೆಲುವನ್ನು ಮನಸಾರೆ ಹೊಗಳಿದ್ದಾನೆ. ಘಟ್ಟದ ಇಳಿಜಾರುಗಳಲ್ಲಿ ಬೆಳೆದ ಮೆಣಸು ಎತ್ತುಗಳ ಬೆನ್ನಿನ ಮೇಲೆ ಗೇರುಸೊಪ್ಪೆಗೆ ಇಳಿದು, ಅಲ್ಲಿ ದೋಣಿಯೇರಿ ಅಳಿವೆಗೆ ಬರುತ್ತಿತ್ತು. ಈ ವ್ಯಾಪಾರದ ಒಡತಿಯಾಗಿದ್ದುದರಿಂದಲೇ ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಚೆನ್ನಭೈರಾದೇವಿಯ ಹೆಸರು ಆ ಬಿರುದಿನೊಡನೆ ಉಳಿದುಬಂದಿದೆ. ಆದರೆ ದೆಲ್ಲಾ ವಾಲ್ಲೆ ಅಲ್ಲಿಗೆ ಬರುವ ವೇಳೆಗೆ ಅರಮನೆಯೂ ಪಟ್ಟಣವೂ ಹಾಳಾಗಿ ಮರಗಿಡಗಳು ಮುಚ್ಚಿಕೊಂಡಿದ್ದುವು. ರೈತರ ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದುವು. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿ ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿದೆ.

ಗೇರುಸೊಪ್ಪೆಯನ್ನು ಯುದ್ಧವೂ ನೆರೆರಾಜ್ಯದ ಆಕ್ರಮಣವೂ ಕೆಡವಿದುವು. ಉಳಿದ ರೇವುಗಳನ್ನು ಕಾಲಕ್ರಮದಲ್ಲಿ ಹಿಂದೆ ತಳ್ಳಿದ್ದು ದೊಡ್ಡ ಹಡಗು. ಹಿಂದೆ ಆಶ್ರಯ ನೀಡಿದ ಅಳಿವೆಯೇ ಆಗ ಅಡ್ಡಿಯಾಯಿತು. ಮುಂದೆ ರಸ್ತೆ ಬಂತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನದಿಯ ಹರಿವೇ ಬದಲಾಯಿತು.

ಇಂದು ಹೊನ್ನಾವರದಲ್ಲಿ ಪ್ರವಾಸಿಗಳಿಗೆ ದೋಣಿಗಳು ಬಾಡಿಗೆಗೆ ದೊರೆಯುತ್ತವೆ. ಹೆಚ್ಚಿನವರು ಗಳಿಗೆಯೆರಡು ಗಳಿಗೆ ಹಿನ್ನೀರಿನಲ್ಲಿ ಸುತ್ತಿ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ತಾವು ಹಾಗೆ ಮಾಡಬಾರದು. ಬಾಡಿಗೆಯನ್ನು ಮೊದಲೇ ಮಾತಾಡಿ ಇಡೀ ದಿನಕ್ಕೆ ಗೊತ್ತುಮಾಡಿಕೊಳ್ಳಿ. ಉಬ್ಬರದೊಡನೆ ಮೇಲಕ್ಕೆ ಹೋಗಿ ಇಳಿತದೊಡನೆ ಮರಳಿ. ಹಳೆಯ ದಾರಿಯಲ್ಲಿ ಎಷ್ಟು ದೂರ ಹೋಗಬಹುದೆಂಬುದನ್ನೂ, ಅಳಿವೆಯ ಸಮೀಪಕ್ಕೆ ಹೋಗಬಹುದೇ ಎಂಬುದನ್ನೂ ಅಂಬಿಗನ ತೀರ್ಮಾನಕ್ಕೆ ಬಿಡಿ. ನೀರಿನ ಬಣ್ಣವನ್ನು ನೋಡಿ ಮರಳೆಲ್ಲಿ, ಆಳವೆಲ್ಲಿ ಎಂದು ಹೇಳಬಲ್ಲವನು ಅವನು. ಆ ವಿದ್ಯೆಯನ್ನು ಯಾವ ಶಾಸನದಲ್ಲಿಯೂ ಕೆತ್ತಿಸಿಲ್ಲ. ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ಬಂದದ್ದು. ಮಗನು ಬೇರೆ ಉದ್ಯೋಗ ಹಿಡಿದರೆ ಅದು ಅಲ್ಲಿಗೆ ಮುಗಿಯುತ್ತದೆ. ಕೋಟೆಯ ಕಲ್ಲನ್ನು ಕಾಪಾಡಲು ಇಲಾಖೆಗಳುಂಟು, ಕಾನೂನುಗಳುಂಟು. ಈ ತಿಳಿವಳಿಕೆಯನ್ನು ಕಾಪಾಡುವುದಕ್ಕಿರುವ ದಾರಿ, ಅದನ್ನು ಬಲ್ಲವನಿಗೆ ಕೆಲಸ ಕೊಟ್ಟು, ಅವನು ಹೇಳುವುದನ್ನು ಗೌರವದಿಂದ ಕೇಳಿ, ಸಾಧ್ಯವಾದರೆ ಬರೆದಿಟ್ಟುಕೊಳ್ಳುವುದು. ರಜೆಗೆ ಹೊರಡುವಾಗ ಭೂಪಟದ ಜೊತೆಗೆ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಇಟ್ಟುಕೊಂಡು ಹೋಗುವುದು ಒಳ್ಳೆಯದು.