ಕೊಣಾಜೆಯಿಂದ ಗೋವೆಗೆ

ಕಾಪುವಿನಲ್ಲಿ ಎಕ್ಸ್‌ಪ್ರೆಸ್ ಹತ್ತಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಇಳಿದು, ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯ ಬಸ್ಸು ಹಿಡಿದರೆ, ಬೆಳಿಗ್ಗೆ ಹೋದವರು ಕೆಲಸ ಮುಗಿಸಿ ಕತ್ತಲಾಗುವ ಮೊದಲು ಮನೆಯಲ್ಲಿರಬಹುದು. ನಾನು ಕಾಲೇಜು ಆಫೀಸಿಗೆ ಗುಮಾಸ್ತನಾಗಿ ಸೇರಿದಾಗ ಈ ಸುಖ ಇರಲಿಲ್ಲ. ಆಗ ವಿಶ್ವವಿದ್ಯಾನಿಲಯ ಅಂದರೆ ಮೈಸೂರು. ಅಂಕಪಟ್ಟಿ ಕಳಕೊಂಡ ಹುಡುಗನಿಗೆ ತುರ್ತಾಗಿ ನಕಲು ಬೇಕಾದರೆ ಅರ್ಜಿ, ಚಲನ್, ಪ್ರಾಂಶುಪಾಲರ ಷರಾ ಎಲ್ಲ ಚೀಲಕ್ಕೆ ತುರುಕಿ ರಾತ್ರಿ ಬಸ್ಸಿನಲ್ಲಿ ಸಂಪಾಜೆ ಘಾಟಿ ಹತ್ತಬೇಕು. ನನಗಿಂತ ಹಿರಿಯರು ಇನ್ನೂ ದೂರದ ಕತೆ ಹೇಳುತ್ತಿದ್ದರು. ಉಡುಪಿಯ ಎಂಜಿಎಂ ಕಾಲೇಜು 1949ರಲ್ಲಿ ಶುರುವಾದಾಗ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಪರೀಕ್ಷೆಯೂ ಮದ್ರಾಸಿನದ್ದೇ.

1968ರಲ್ಲಿ ಮೈಸೂರಿನವರು ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದರು. ಎಸ್.ವಿ. ಪರಮೇಶ್ವರ ಭಟ್ಟರು ಅದನ್ನು ಬೆಳೆಸಿದರು. ಎಂ.ಎ. ಪಾಠವೇನೋ ಊರಿಗೆ ಬಂತು, ಅಧಿಕಾರ ಘಟ್ಟದ ಮೇಲೆಯೇ ಉಳಿಯಿತು. 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು. ಮೊದಲ ಕುಲಪತಿಯಾಗಿ ಬಂದವರು ಮೈಸೂರಿನ ಇತಿಹಾಸ ಪ್ರಾಧ್ಯಾಪಕ ಬಿ. ಶೇಖ್ ಅಲಿ.

ಕುಲಪತಿ ಅಂದರೆ ಘಟಿಕೋತ್ಸವದ ಗೌನು ಎಂದು ಹೊರಗಿನವರು ತಿಳಿದಿರುತ್ತಾರೆ. ಹೊಸ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯ ಕೆಲಸ ಕೂಡುಕುಟುಂಬದ ಪಾಲುಪಟ್ಟಿ ಮಾಡಿಸುವ ಯಜಮಾನನದ್ದು. ದಕ್ಷಿಣ ಕನ್ನಡ, ಕೊಡಗಿನ ಕಾಲೇಜುಗಳೆಲ್ಲ ಹೊಸ ಮನೆಗೆ ಬಂದವು. ಹಳೆ ಪಠ್ಯಕ್ರಮದಲ್ಲಿ ನಪಾಸಾದವನು ಯಾರ ಪರೀಕ್ಷೆ ಬರೆಯಬೇಕು? ಪಠ್ಯಕ್ರಮ ಮಂಡಳಿಗೆ ಯಾರು? ಶುಲ್ಕ ಯಾವ ಖಾತೆಗೆ? ನಮ್ಮ ಮೇಜಿಗೆ ಬರುತ್ತಿದ್ದ ಸುತ್ತೋಲೆಗಳ ಹಿಂದೆ ಇಂಥ ಪ್ರಶ್ನೆಗಳಿದ್ದವು. ಹೈದರಾಲಿಗೂ ಬ್ರಿಟಿಷರಿಗೂ ಇದ್ದ ಸಂಬಂಧದ ಮೇಲೆ ಪುಸ್ತಕ ಬರೆದ ಮನುಷ್ಯನಿಗೆ ಕಡತ ನೋಡಿ ಸುಸ್ತಾಗಲಿಕ್ಕಿಲ್ಲ ಎಂದು ನಾವು ಆಫೀಸಿನಲ್ಲಿ ತಮಾಷೆ ಮಾಡುವುದಿತ್ತು.

ನನಗೆ ಕುತೂಹಲ ಹುಟ್ಟಿಸುವುದು ಶೇಖ್ ಅಲಿ ಮುಂದೆ ಮಾಡಿದ್ದು. 1985ರಲ್ಲಿ ಗೋವಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅಲ್ಲಿಗೂ ಮೊದಲ ಕುಲಪತಿ ಇವರೇ. ಗೋವಾ ಆಗಿನ್ನೂ ಕೇಂದ್ರಾಡಳಿತ ಪ್ರದೇಶ, ರಾಜ್ಯವಾದದ್ದು 1987ರಲ್ಲಿ. ಅಲ್ಲಿಯೂ ಮೊದಲಿದ್ದದ್ದು ಒಂದು ಸ್ನಾತಕೋತ್ತರ ಕೇಂದ್ರ, ಅದರ ಯಜಮಾನಿಕೆ ಮುಂಬಯಿಯದ್ದು. ಒಂದೇ ಕರಾವಳಿಯಲ್ಲಿ ಎರಡು ಸಲ ದೂರದ ಊರಿನ ಶಾಖೆಯನ್ನು ಸ್ವಂತ ವಿಶ್ವವಿದ್ಯಾನಿಲಯ ಮಾಡಿ ನಿಲ್ಲಿಸಿದರು. ನಡೆಯುತ್ತಿರುವುದನ್ನು ನಡೆಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಶೂನ್ಯದಿಂದ ಪರೀಕ್ಷಾ ವಿಭಾಗ ಕಟ್ಟಿದವರು ಕಡಿಮೆ. ಹಾಗಿದ್ದೂ ಶೇಖ್ ಅಲಿಯವರ ಹೆಸರು ಇತಿಹಾಸಕಾರರೆಂದು ಟಿಪ್ಪು ಸುಲ್ತಾನನ ಕುರಿತ ಚರ್ಚೆಯಲ್ಲಿ ಮಾತ್ರ ಕೇಳಿಬರುವುದು ನನಗೆ ಸರಿ ಕಾಣುವುದಿಲ್ಲ. 2022ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ವಿಶ್ವವಿದ್ಯಾನಿಲಯ ಪಾಲಾಗುವುದು 1980ಕ್ಕೆ ನಿಲ್ಲಲಿಲ್ಲ. 1993ರಲ್ಲಿ ಮಣಿಪಾಲ ಪರಿಗಣಿತ ವಿಶ್ವವಿದ್ಯಾನಿಲಯವಾಗಿ ಬೇರೆಯಾಯಿತು. ಕೊಡಗಿನ ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದನ್ನು ಮುಚ್ಚುವ ಮಾತೂ ಎದ್ದಿತು.