ಔಷಧದ ಚೀಟಿ, ಗಣಿಯ ಧೂಳು

ಜೂನ್ ಬಂತೆಂದರೆ ನಮ್ಮ ಬೀದಿಯ ಹೆಂಗಸರು ಔಷಧದಂಗಡಿಯ ಚೀಟಿಗಳನ್ನು ಚೀಲದಲ್ಲಿ ತುಂಬಿಕೊಂಡು ನನ್ನ ಬಳಿ ಬರುತ್ತಾರೆ. "ಟೀಚರಮ್ಮ, ಇದನ್ನೆಲ್ಲ ಟ್ಯಾಕ್ಸಿನಲ್ಲಿ ಕಳೀಬಹುದಾ?" ಬಹುಮಟ್ಟಿಗೆ ಆಗುವುದಿಲ್ಲ. ಅದನ್ನು ಹೇಳುವಾಗಲೆಲ್ಲ ನನಗೆ ನಂದಿದುರ್ಗ ಗಣಿಯೇ ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಔಷಧದ ಚೀಟಿ ಎಂಬುದೇ ಇರಲಿಲ್ಲ. ಅಪ್ಪ ಗಣಿಯ ಕೆಲಸದವರು. ಜ್ವರ ಬಂದರೂ ಹೆರಿಗೆಯಾದರೂ ಚಾಂಪಿಯನ್ ರೀಫ್ಸಿನ ಕಂಪನಿ ಆಸ್ಪತ್ರೆಯೇ ಗತಿ. ಮಾಲೀಕರೇ ನಡೆಸುವ ಆಸ್ಪತ್ರೆಯ ಚಿಕಿತ್ಸೆಯನ್ನು ನೌಕರನ ಆದಾಯವೆಂದು ಎಣಿಸಬಾರದೆಂಬ ನಿಯಮವೂ ಮುಂದೆ 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಸೇರಿತು. ಅಂಥ ಆಸ್ಪತ್ರೆಯಿಲ್ಲದ ಕಡೆ ಮಾಲೀಕರು ಬಿಲ್ಲಿನ ಹಣ ಮರಳಿಸಿದರೆ, ವರ್ಷಕ್ಕೆ 15,000 ರೂಪಾಯಿವರೆಗೆ ತೆರಿಗೆಯಿರಲಿಲ್ಲ. ಆ ವಿನಾಯಿತಿ 2018ರಲ್ಲಿ ಹೋಯಿತು. ಬದಲಿಗೆ ಸಂಬಳ, ಪಿಂಚಣಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಂತು. ಕೈಯಿಂದ ಕೊಟ್ಟು ತಂದ ಮಾತ್ರೆಗೆ ಮಾತ್ರ ಈ ಲೆಕ್ಕದಲ್ಲೆಲ್ಲ ಜಾಗವಿರಲಿಲ್ಲ. ರಿಯಾಯಿತಿ ಸಿಗುತ್ತಿದ್ದದ್ದು ಕಾಯಿಲೆಗಲ್ಲ, ನೌಕರಿಗೆ!

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನೌಕರಿ ಹೋಯಿತು, ಕೆಮ್ಮು ಉಳಿಯಿತು.

ಬೆಣಚುಕಲ್ಲು ಕೊರೆದ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್. 1947ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಲ್ಲಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಪೈಕಿ ನೂರಕ್ಕೆ 40ಕ್ಕಿಂತ ಹೆಚ್ಚು ಜನರಿಗೆ ಅದು ಕಂಡುಬಂದಿತ್ತು. ದೇಶದಲ್ಲಿ ಈ ರೋಗ ಮೊದಲು ವರದಿಯಾದದ್ದೇ ನಮ್ಮ ಕೋಲಾರದ ಗಣಿಗಳಿಂದ. ಆದರೆ 1961ರ ಕಾಯಿದೆಯ 80ಡಿಡಿಬಿ ಕಲಮಿನ ಪಟ್ಟಿ ನೋಡಿ: ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ, ಥಲಸ್ಸೇಮಿಯ, ಪಾರ್ಕಿನ್ಸನ್ ಎಲ್ಲ ಇದ್ದವು, ಸಿಲಿಕೋಸಿಸ್ ಇರಲಿಲ್ಲ. ದೇಶಕ್ಕೆ ಚಿನ್ನ ಕೊಟ್ಟವರ ಕಾಯಿಲೆಯನ್ನು ಆ ಪಟ್ಟಿ ಬರೆದವರು ಕೇಳಿಯೇ ಇರಲಿಲ್ಲವೇನೋ.

ಒಂದು ಕಿಂಡಿ ಮಾತ್ರ ತೆರೆಯಿತು. 2018-19ರಿಂದ, ಆರೋಗ್ಯ ವಿಮೆಯಿಲ್ಲದ 60 ದಾಟಿದವರ ಚಿಕಿತ್ಸೆಗೆ ಖರ್ಚಾದ ಹಣದಲ್ಲಿ 50,000 ರೂಪಾಯಿವರೆಗೆ 80ಡಿ ಕಲಮಿನಲ್ಲಿ ಕಳೆಯಲು ಅವಕಾಶ ಬಂತು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬಂದು ದುಡಿಯುವ ಮಗಳೂ ಅಪ್ಪ, ಅಮ್ಮನಿಗಾಗಿ ಕಟ್ಟಿದ್ದನ್ನು ಹೀಗೆ ತೋರಿಸಬಹುದಿತ್ತು, ಮದುವೆಯಾಗಿದ್ದರೂ ಅಡ್ಡಿಯಿಲ್ಲ. ಷರತ್ತು ಎರಡು. ಹಳೆಯ ತೆರಿಗೆ ಪದ್ಧತಿಯನ್ನೇ ಆರಿಸಿಕೊಂಡಿರಬೇಕು. 2020ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಇದು ಸಿಗದು. ಇನ್ನೊಂದು, ನಗದು ಕೊಟ್ಟಿರಬಾರದು.

ನಮ್ಮ ಬೀದಿಯವರ ಚೀಲದಲ್ಲಿರುವುದೋ ಬಹುಪಾಲು ನಗದಿನ ಚೀಟಿಗಳೇ.