ಏಕತಾರಿಯಿಂದ ವಿದ್ಯುತ್ ಗಿಟಾರಿನವರೆಗೆ

ನಮ್ಮ ಜನಪದ ಹಾಗೂ ತತ್ತ್ವಪದಗಳಿಗೆ ವಿದ್ಯುತ್ ಗಿಟಾರು, ಡ್ರಮ್ಮು ಮೊದಲಾದ ವಾದ್ಯಗಳು ಜೊತೆಗೂಡಿದುದನ್ನು ಕಂಡು ಹಿರಿಯರಲ್ಲಿ ಕೆಲವರು ಮುಖ ಸಿಂಡರಿಸುವುದುಂಟು. ಶರೀಫಜ್ಜನ ಪದಕ್ಕೆ ಈ ಗದ್ದಲವೇಕೆಂಬುದು ಅವರ ಆಕ್ಷೇಪ. ಕಿರಿಯರಾದರೋ ಅದೇ ಪದವನ್ನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಪುಣೆಯ ಲೋಕಲ್ ಗಾಡಿಯಲ್ಲಿ ನಿಂತು ಕೇಳುತ್ತ ಪಿಂಪರಿ ಚಿಂಚವಡದ ಕಡೆಗೆ ಕೆಲಸಕ್ಕೆ ಹೋಗುತ್ತಾರೆ. ಒಂದೇ ಮನೆಯಲ್ಲಿ ಈ ಎರಡು ಮತಗಳಿರುವುದರಿಂದ, ಈ ಹಾಡುಗಳು ನಡೆದುಬಂದ ದಾರಿಯನ್ನು ಸ್ವಲ್ಪ ನೋಡುವುದು ಉಚಿತ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಬ್ಯಾಂಕಿನಲ್ಲಿ ಜಮಾ ಖರ್ಚು ಬರೆಯುವವನು. ಇಲ್ಲಿಯೂ ಅದನ್ನೇ ಮಾಡಿದ್ದೇನೆ.

ಶಿಶುನಾಳ ಶರೀಫರ ಕಾಲ 1819ರಿಂದ 1889. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳ ಅವರ ಊರು. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಅವರ ಪದಗಳು ಬಾಯಿಂದ ಬಾಯಿಗೆ ಹರಿದು, ಏಕತಾರಿ, ತಾಳ, ದಿಮ್ಮುಗಳ ಜೊತೆಯಲ್ಲಿ ಊರೂರಿನ ಭಜನಾ ಮೇಳಗಳನ್ನು ಸೇರಿದವು. ಸೋರುವ ಮಾಳಿಗೆ, ಸೇದುವ ಗುಡಗುಡಿ, ಕೋಡಗ, ಕೋಳಿ ಹೀಗೆ ಕಣ್ಣಿಗೆ ಬಿದ್ದುದೆಲ್ಲ ಅವರಿಗೆ ತತ್ತ್ವ ಹೇಳುವ ಸಾಧನವಾಯಿತು. ಅವರ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನೂ ಅವರು ಬಿಡಲಿಲ್ಲ. ಅದರ ಮೇಲೆಯೂ ಒಂದು ಪದವಿದೆ. ಯಂತ್ರವನ್ನು ಕಂಡು ಅಂಜದೆ ಅದನ್ನೇ ಪದವಾಗಿಸಿದ ಕವಿಯ ಹಾಡು ಯಂತ್ರದಿಂದಲೇ ಕೆಟ್ಟುಹೋಗುವುದೆಂದು ಹೇಳುವ ಮೊದಲು ಸ್ವಲ್ಪ ಯೋಚಿಸಬೇಕಾಗುತ್ತದೆ.

ಇಂದು ಭಜನೆಯೆಂದರೆ ಪೇಟಿ ಇರಲೇಬೇಕು. ಆದರೆ ಈ ಪೇಟಿ ನಮ್ಮದೆ? 19ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಕೈಯಿಂದ ಗಾಳಿಯೂದುವ ರೂಪ ತಳೆದು, ನಾಟಕ ಕಂಪನಿಗಳ ರಂಗದ ಮುಂದೆ ಕುಳಿತು, ಬಳಿಕ ನಮ್ಮ ಗುಡಿಗಳನ್ನು ಹೊಕ್ಕ ವಾದ್ಯವದು. ಗಮಕಕ್ಕೆ ಒಗ್ಗದ ಪರಕೀಯ ವಾದ್ಯವೆಂದು ಆಕಾಶವಾಣಿಯು 1940ರಿಂದ ಸುಮಾರು ಮೂವತ್ತು ವರ್ಷ ಅದನ್ನು ದೂರವಿಟ್ಟಿತ್ತು. ಇಂದು ಗಿಟಾರಿನ ಮೇಲೆ ಬರುವ ದೂರು ಅಂದು ಪೇಟಿಯ ಮೇಲೆ ಬಂದಿತ್ತು. ತಂಬೂರಿಯ ಕಥೆಯೂ ಹಾಗೆಯೇ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಿದ್ಧಪಡಿಸಿದರು. ಇಂದು ಶಾಸ್ತ್ರೀಯ ಸಂಗೀತ ಕಲಿಯುವ ಎಷ್ಟೋ ಮಕ್ಕಳು ಆ ಪೆಟ್ಟಿಗೆಯ ಶ್ರುತಿಗೇ ಸ್ವರ ಹಚ್ಚುತ್ತಾರೆ. ಅದನ್ನು ಯಾರೂ ಅಪಚಾರವೆನ್ನುವುದಿಲ್ಲ.

ಶರೀಫರ ಪದಗಳನ್ನು ನಗರವಾಸಿಗಳ ಮನೆಗೆ ತಂದವರಲ್ಲಿ ಸಿ. ಅಶ್ವತ್ಥ್ ಪ್ರಮುಖರು. ಬೆಂಗಳೂರಿನ ಐ.ಟಿ.ಐ. ಕಾರಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತ ಸಾಧಿಸಿದವರು ಅವರೆಂಬುದು ನಮ್ಮಂಥ ನೌಕರವರ್ಗಕ್ಕೆ ಹೆಮ್ಮೆಯ ಸಂಗತಿ. ಧ್ವನಿಸುರುಳಿಗಳ ಮೂಲಕವೂ, 1990ರಲ್ಲಿ ಬಂದ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕವೂ ಅವರು ಈ ಪದಗಳಿಗೆ ಹೊಸ ಆಯುಷ್ಯ ಕೊಟ್ಟರು. ಪರಊರಿಗೆ ಬಂದ ಎಷ್ಟೋ ಸಂಸಾರಗಳು ಹಾಸಿಗೆ ಪಾತ್ರೆಗಳ ಜೊತೆಗೆ ಆ ಸುರುಳಿಗಳನ್ನೂ ಕಟ್ಟಿಕೊಂಡು ಬಂದವು. ಅಶ್ವತ್ಥರ ವಾದ್ಯಮೇಳವೂ ಏಕತಾರಿಯದಲ್ಲವೆಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಇನ್ನು ಮುಂದಿನ ತಲೆಮಾರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಅಭ್ಯಾಸಮಾಡಿದವರು. ಗಿಟಾರನ್ನು ತಾವಾಗಿಯೇ ಕಲಿತವರು. ಪಿಟೀಲುವಾದಕ ಎಚ್. ಎನ್. ಭಾಸ್ಕರ್ ಅವರೊಡನೆ ಅವರು ಕಟ್ಟಿದ ತಂಡದ ಹೆಸರು ‘ಅಂತರಾಗ್ನಿ’. ಒಬ್ಬರ ಕೈಯಲ್ಲಿ ನಮ್ಮ ಕಛೇರಿಯ ಪಿಟೀಲು, ಇನ್ನೊಬ್ಬರ ಕೈಯಲ್ಲಿ ಪಡುವಣದ ಗಿಟಾರು. ಹಾಗೆ ನೋಡಿದರೆ ಪಿಟೀಲೂ ಪಡುವಣದಿಂದಲೇ ಬಂದು, ಎರಡು ಶತಮಾನಗಳ ವಾಸದಿಂದ ನಮ್ಮದಾದ ವಾದ್ಯ! ಆ ತಂಡ ಮುಂದೆ ಚದುರಿತು. 2005ರ ಸುಮಾರಿಗೆ ರಘು ದೀಕ್ಷಿತ್ ತಮ್ಮ ಹೆಸರಿನಲ್ಲೇ ಬೇರೊಂದು ತಂಡ ಕಟ್ಟಿದರು. ಧ್ವನಿಮುದ್ರಣ ಕಂಪನಿಗಳು ಬಹುಕಾಲ ಅವರ ಕೈ ಹಿಡಿಯಲಿಲ್ಲ. ಕೊನೆಗೆ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರ ಆಸರೆಯಿಂದ 2008ರಲ್ಲಿ ಮೊದಲ ಸಂಕಲನ ಹೊರಬಂದಿತು. ಹಳೆಯ ತಂಡದ ನೆನಪಿಗೋ ಎಂಬಂತೆ ಅದಕ್ಕೂ ‘ಅಂತರಾಗ್ನಿ’ ಎಂದೇ ಹೆಸರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಗುಡಗುಡಿಯ ಪದವೂ, ಸೋರುವ ಮಾಳಿಗೆಯ ಪದವೂ ಅದರಲ್ಲಿ ಸೇರಿದ್ದವು.

ಲುಂಗಿಯುಟ್ಟು ಗೆಜ್ಜೆ ಕಟ್ಟಿದ ಈ ತಂಡ 2010ರಲ್ಲಿ ಲಂಡನ್ನಿನ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿಯ ಮೇಳಕ್ಕೆ ಹೋಯಿತು. ಅದೇ ವರ್ಷ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿಯೂ ಬಂದಿತು. ಶಿಗ್ಗಾಂವಿ ಸೀಮೆಯ ಪದಕ್ಕೆ ಕನ್ನಡದ ಗಂಧವೇ ಇಲ್ಲದ ಜನ ಕುಣಿದರು.

ಜಮೆಯ ಬದಿ ಹೀಗಾಯಿತು. ಖರ್ಚಿನ ಬದಿಯನ್ನೂ ಬರೆಯದಿದ್ದರೆ ಲೆಕ್ಕ ತಾಳೆಯಾಗದು. ವಾದ್ಯದ ಅಬ್ಬರ ಮಾತನ್ನು ನುಂಗುವುದುಂಟು. ಆಗ ಕೇಳುವವನಿಗೆ ತಾಳ ಉಳಿಯುತ್ತದೆ, ತತ್ತ್ವ ಉಳಿಯುವುದಿಲ್ಲ. ಸೋರುವ ಮನೆ ಈ ದೇಹವೇ, ಸೋರುವುದು ಅಜ್ಞಾನದಿಂದಲೇ ಎಂಬ ಅರಿವಿಲ್ಲದೆ ಕುಣಿದರೆ, ಆ ಪದ ಯಾವ ಭಾಷೆಯದಾದರೂ ಒಂದೇ. ಪದವನ್ನು ಕಾಯ್ದುಕೊಂಡು ಬಂದ ಹಳ್ಳಿಯ ಗಾಯಕರ ಹೆಸರುಗಳೂ ಈ ವೈಭವದಲ್ಲಿ ಕೇಳಿಬರುವುದು ಕಡಿಮೆ.

ನಮಗೆ ಇದು ಬರಿಯ ಸಂಗೀತದ ಮಾತಲ್ಲ. ಪುಣೆಯಲ್ಲಿ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಮರಾಠಿ, ಇಂಗ್ಲಿಷು ಓದುತ್ತಾರೆ. ಕನ್ನಡದ ಅಕ್ಷರ ಅನೇಕರಿಗೆ ಬಾರದು. ಅವರಿಗೆ ಕನ್ನಡ ಕಣ್ಣಿನಿಂದಲ್ಲ, ಕಿವಿಯಿಂದ ಬರಬೇಕಾಗಿದೆ. ಶಿಶುನಾಳಕ್ಕೆ ದೂರವಲ್ಲದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ, ಗದಗಿನ ನೆಲದಿಂದ ಬಂದ ಭೀಮಸೇನ ಜೋಶಿಯವರು 1953ರಲ್ಲಿ ಸಂಗೀತೋತ್ಸವ ಆರಂಭಿಸಿದ್ದು ಇದೇ ಊರಿನಲ್ಲಿ. ಅವರ ಕಂಠದಿಂದ ದಾಸರ ಪದಗಳನ್ನು ಕೇಳಿ, ಕನ್ನಡ ಬಾರದ ಮಹಾರಾಷ್ಟ್ರದ ರಸಿಕರೂ ತಲೆದೂಗಿದರು. ಕಿವಿಯ ದಾರಿ ಎಷ್ಟು ದೊಡ್ಡದೆಂಬುದನ್ನು ನಾವು ಬೇರೆ ಕಡೆ ಹೋಗಿ ಕಲಿಯಬೇಕಾಗಿಲ್ಲ.

ಆದುದರಿಂದ ನನ್ನ ಬಿನ್ನಹವಿಷ್ಟೆ. ಹಿರಿಯರು ವಾದ್ಯವನ್ನು ಬಯ್ಯುವುದನ್ನು ಬಿಟ್ಟು, ಮಗುವಿನ ಪಕ್ಕದಲ್ಲಿ ಕುಳಿತು ಆ ಹಾಡನ್ನೇ ಕೇಳಲಿ, ಮುಗಿದ ಮೇಲೆ, “ಸೋರುವುದು ಯಾವ ಮನೆಯಪ್ಪಾ?” ಎಂದು ಕೇಳಲಿ. ಮಗು ಉತ್ತರ ಹೇಳಿದರೆ ಗಿಟಾರು ತನ್ನ ಕೆಲಸ ಮಾಡಿದೆ ಎಂದರ್ಥ. ಹೇಳದಿದ್ದರೆ ಉಳಿದ ಕೆಲಸ ನಮ್ಮದು. ಅದನ್ನು ಯಾವ ವಾದ್ಯವೂ ಮಾಡಲಾರದು.